ಅಂಗಾಲಿನ ಮಸಿ

ತಲೆಯ ಮೇಲಿನ ಬುಟ್ಟಿ ಇಳಿಸು ಎಂದು ಅವರು ಹೇಳಲಿಲ್ಲ. ಇಳಿಸಲೇ ಎಂದು ಸಕ್ಕುಬಾಯಿ ಕೇಳಲೂ ಇಲ್ಲ.

ಬುಟ್ಟಿಯ ತುಂಬ ಹಸಿ ಗೊಬ್ಬರ. ಮಳೆ ಹಿಡಿಯುವುದರೊಳಗೆ ಒಡೆಯರ ಗದ್ದೆಗೆಲ್ಲ ಹೊತ್ತು ಹಾಕಬೇಕಿತ್ತು. ಗೊಬ್ಬರದ ನೀರು ಸಿಂಬಿಯಿಂದ ಇಳಿದು, ಗುಂಗುರು ಕೂದಲಲ್ಲಿ ಇಂಗಿ, ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ರವಿಕೆಯೊಳಗೆ ಹರಿಯುತ್ತಿತ್ತು. ಬದುವಿನ ಮೇಲೆ ನಿಂತವರು ಇಬ್ಬರು. ಹಳಿಯಾಳದ ರಸ್ತೆಯಲ್ಲಿ ಬಿಳಿ ಕಾರು ನಿಲ್ಲಿಸಿ ಗದ್ದೆಯವರೆಗೆ ನಡೆದು ಬಂದಿದ್ದರು. ದಪ್ಪನೆಯವರು ಬಸಲಿಂಗಯ್ಯ. ದಾಂಡೇಲಿಯ ಓಟದ ಕ್ಯಾಂಪಿನ ಕಾರ್ಯದರ್ಶಿ. ಅವರ ಮೂಗಿನ ಮೇಲೆ ಕರವಸ್ತ್ರವಿತ್ತು. ಇನ್ನೊಬ್ಬ ಅವರ ಕಾರಕೂನ.

“ರುಕ್ಮಾನ ತಾಯಿ ನೀನ ಏನು?”

“ಹೌದ್ರೀ.”

“ಛಲೋ ಓಡ್ತಾಳ ನಿನ ಮಗಳು. ಏನ್ ತಿನ್ನಸ್ತಿ?”

ಸಕ್ಕುಬಾಯಿಗೆ ನಗು ಬಂತು. “ಇದ್ದದ್ದು ತಿಂತಾಳ್ರೀ. ಇಲ್ಲದ ದಿನಾನೂ ಓಡ್ತಾಳ.”

ಅವರೂ ನಕ್ಕರು. ಆ ನಗು ನೋಡಿ ಅವಳ ಹೆದರಿಕೆ ಅರ್ಧ ಇಳಿಯಿತು. ಇಷ್ಟು ವರ್ಷ ಕಾರಿನಲ್ಲಿ ಬಂದವರು ಅವಳ ಹತ್ತಿರ ನಕ್ಕು ಮಾತಾಡಿದ್ದಿಲ್ಲ.

“ಅಕಿ ಹುಟ್ಟಿದ್ದು ಯಾವಾಗ, ನೆನಪೈತೇನು?”

ಇಂಥದೊಂದು ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಒಡೆಯರು ಕೇಳಿದ್ದು ಬರ್ತೀಯೋ ಇಲ್ಲವೋ ಎಂದು. ಕಾಡಿನ ಗಾರ್ಡು ಕೇಳಿದ್ದು ಕೊಡಲಿ ಎಲ್ಲಿಟ್ಟೆ ಎಂದು. ಅವಳು ಕತ್ತು ನೆಟ್ಟಗೆ ಮಾಡಿ ನಿಂತಳು.

“ನೆನಪಿಲ್ದ ಏನ್ರೀ. ಪಾಕಿಸ್ತಾನದ ಜೋಡಿ ಯುದ್ಧ ನಡದಿತ್ತು. ರಾತ್ರಿ ದೀಪ ಹಚ್ಚಬ್ಯಾಡ್ರಿ ಅಂದಿದ್ರು. ಕತ್ತಲಾಗ ಹಡದೆ.”

“ಯಾವ ಯುದ್ಧ? ಈಚಿಂದೋ, ಅದರ ಹಿಂದಿಂದೋ?”

“ಹಿಂದಿಂದ್ರೀ. ಭೂಮಿ ನಡಗೂದಕ್ಕಿಂತ ಮೊದಲ.”

ಕಾರಕೂನ ಬೆರಳು ಮಡಚಿ ಎಣಿಸಿದ. “ಇಪ್ಪತ್ತೊಂದು,” ಎಂದ. ಬಸಲಿಂಗಯ್ಯ ಕರವಸ್ತ್ರ ಮಡಿಸಿ ಕಿಸೆಗೆ ಇಟ್ಟುಕೊಂಡರು. ಒಳ್ಳೆಯದು ಎಂದರು. ಕಾರು ಹೋಯಿತು. ಮಗಳ ವಯಸ್ಸನ್ನು ದೊಡ್ಡವರು ಬಾಯಿಬಿಟ್ಟು ಹೇಳಿದ್ದು ಸಕ್ಕುಬಾಯಿಗೆ ಏನೋ ಮರ್ಯಾದೆಯಂತೆ ಕಂಡಿತು. ಅವಳು ಬುಟ್ಟಿ ಸುರಿದು ಮತ್ತೆ ತುಂಬಲು ಹೋದಳು.

ಅದು ಎಂಬತ್ತಾರನೆಯ ಇಸವಿ. ದೂರದ ದೇಶದಲ್ಲಿ ಜೂನಿಯರ್ ಹುಡುಗ ಹುಡುಗಿಯರ ಓಟದ ಪಂದ್ಯ. ಎಲ್ಲ ದೇಶಗಳ ಮಕ್ಕಳು ಬಂದು ಓಡುತ್ತಾರೆ. ರುಕ್ಮಾ ಬೆಂಗಳೂರಿನಲ್ಲಿ ಓಡಿ ಎಲ್ಲರಿಗಿಂತ ಮುಂದೆ ಬಂದಿದ್ದಳು. ಅಲ್ಲಿಗೆ ಕಳಿಸುವುದು ಅವಳನ್ನೇ ಎಂದು ಹೇಳಿದ್ದರು. ಹೋಗುವವರಿಗೆ ಕಾಡಿನ ಏರುದಾರಿಯಲ್ಲಿ ಓಡಿಸಿ ಕಸುವು ತುಂಬಲೆಂದು ದಾಂಡೇಲಿಯಲ್ಲಿ ಕ್ಯಾಂಪು ಹಾಕಿದ್ದರು. ಹಳಿಯಾಳ ಕಾಡಂಚಿನ ಸಿದ್ದಿಗಳ ಕೇರಿಯಿಂದ ಅದುವರೆಗೆ ಯಾರೂ ವಿಮಾನ ಹತ್ತಿರಲಿಲ್ಲ. ರೈಲು ಹತ್ತಿದವರೇ ಕಡಿಮೆ. ಕೇರಿಯ ಹೆಂಗಸರು ಸಕ್ಕುಬಾಯಿಯನ್ನು ತಮಾಷೆ ಮಾಡುತ್ತಿದ್ದರು. ವಿಮಾನದಾಗ ಕೂತು ಕೆಳಗ ಉಗಳಬ್ಯಾಡ ಅಂತ ಹೇಳ ನಿನ ಮಗಳಿಗೆ, ನಾವ್ ಕಟಗಿ ಆರಸ್ತಿರ್ತೇವಿ ಅನ್ನುತ್ತಿದ್ದರು.

ಆ ಕಾರು ಬಂದುಹೋದ ಮೂರನೆಯ ದಿನ ಜೇವಿಯರ್ ಮಾಸ್ತರ ಸೈಕಲ್ ತುಳಿದುಕೊಂಡು ಬಂದ. ಅವನೂ ಸಿದ್ದಿಯೇ, ಇಗರ್ಜಿಗೆ ಹೋಗುವವರ ಮನೆಯವನು. ಹಳಿಯಾಳದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ಕಟ್ಟಿಗೆಯ ಹೊರೆ ಹೊತ್ತು ಏರು ಹತ್ತುವ ರುಕ್ಮಾಳನ್ನು ನೋಡಿ, ಹೊರೆ ಇಳಿಸಿದರೆ ಇವಳು ಹೇಗೆ ಓಡಬಹುದು ಎಂದು ಮೊದಲು ಯೋಚಿಸಿದವನು ಅವನು. ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಲಿಲ್ಲ. ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಲಿಲ್ಲ.

“ಏನ್ ಹೇಳಿದಿ ಸಕ್ಕೂ ಅವರಿಗೆ?”

“ಕೇಳಿದ್ದಕ್ಕ ಹೇಳಿದೆ.”

“ರುಕ್ಮಾನ್ನ ತಗದಹಾಕ್ಯಾರ. ಇಪ್ಪತ್ತರ ಒಳಗಿನವರಷ್ಟ ಹೋಗೂ ಪಂದ್ಯ ಅದು. ಇಕಿಗೆ ಇಪ್ಪತ್ತೊಂದು, ಹಡದಾಕಿನ ಹೇಳ್ಯಾಳ ಅಂತ ಬರದಾರ.”

ಸಕ್ಕುಬಾಯಿಗೆ ತಕ್ಷಣ ತಿಳಿಯಲಿಲ್ಲ. “ಖರೇನ ಹೇಳಿದೆ ಮಾಸ್ತರ.”

“ಸತ್ತಕೀ ವಯಸ್ಸು ಹೇಳಿದಿ.”

“ಯಾರ ಸತ್ತಾರ?” ಎಂದು ಅವಳು ಕೇಳಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

ಯುದ್ಧದ ಕತ್ತಲೆಯಲ್ಲಿ ಹುಟ್ಟಿದ ರುಕ್ಮಾ ನಡೆಯಲು ಕಲಿತು, ಓಡಲು ಕಲಿತು, ಒಂದು ಮಳೆಗಾಲ ಜ್ವರ ಬಂದು ಹೋಗಿದ್ದಳು. ಮಣ್ಣಿಗೆ ಒಯ್ಯುವ ಮೊದಲು ಸೂಲಗಿತ್ತಿ ಮುದುಕಿ ಬಿಬಿಜಾನ್ ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕೂಸಿನ ಎಡ ಅಂಗಾಲಿಗೆ ಹಚ್ಚಿದಳು. ತಿರುಗಿ ಬರೂವಾಗ ಗುರ್ತ ಸಿಗಲಿ ಎಂದಳು. ಆ ಚಳಿಗಾಲ ಒಂದು ಬೆಳಗಿನ ಜಾವ ಭೂಮಿ ನಡುಗಿತು. ಮರುವರ್ಷದ ಮಳೆಗಾಲಕ್ಕೆ ಸಕ್ಕುಬಾಯಿ ಮತ್ತೆ ಹಡೆದಳು. ಬಿಬಿಜಾನ್ ಕೂಸಿನ ಮುಖ ನೋಡುವ ಮೊದಲು ಕಾಲು ಎತ್ತಿ ನೋಡಿದಳು. ಎಡ ಅಂಗಾಲಿನಲ್ಲಿ ಹೆಬ್ಬೆಟ್ಟಿನಷ್ಟು ಕಪ್ಪು. ಬಂದಾಳ ನೋಡ, ಎಂದಳು. ಹೊಸದಾಗಿ ಹೆಸರಿಡಲಿಲ್ಲ. ಬಂದವಳಿಗೆ ಹೆಸರು ಇದ್ದೇ ಇತ್ತು. ವರ್ಷವನ್ನೂ ಮೊದಲು ಬಂದಾಗಿನಿಂದಲೇ ಎಣಿಸಿದರು. ನಡುವೆ ಸ್ವಲ್ಪ ದಿನ ಅವಳು ಮನೆಯಲ್ಲಿ ಇರಲಿಲ್ಲ, ಅಷ್ಟೆ. ಅವರ ಕೇರಿಯಲ್ಲಿ ಹಾಗೆ ತಿರುಗಿ ಬಂದವರು ಇನ್ನೂ ಇದ್ದರು. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

ಶಾಲೆಯ ದಾಖಲೆಯಲ್ಲಿ ರುಕ್ಮಾಳ ವಯಸ್ಸು ಸರಿಯಾಗಿಯೇ ಇತ್ತು, ಹದಿನೆಂಟು. ಆದರೆ ಆ ದಾಖಲೆಯ ಪ್ರಕಾರ ಶಾಲೆಯ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಅದಕ್ಕೇ ನಂಬುವುದಿಲ್ಲ ಎಂದು ಬಸಲಿಂಗಯ್ಯ ಹೇಳಿದ್ದರಂತೆ. ಕ್ಯಾಂಪಿನ ಬೆಳ್ಳಗಿನ ಮಕ್ಕಳಲ್ಲೂ ಜೂನ್ ಒಂದಕ್ಕೆ ಹುಟ್ಟಿದವರು ಬಹಳ ಜನ ಇದ್ದರು. ಅವರ ತಾಯಂದಿರ ಹತ್ತಿರ ಕಾರು ಹೋಗಿರಲಿಲ್ಲ.

“ನಾಳೆ ದಾಂಡೇಲಿಗೆ ಹೋಗೂಣು,” ಎಂದ ಜೇವಿಯರ್. “ಇಬ್ಬರು ಹುಟ್ಟಿದ್ರು, ಮೊದಲನೇದು ಸತ್ತಿತು, ಇದು ಬ್ಯಾರೆ ಕೂಸು, ಅಂತ ಬಾಯಿಬಿಟ್ಟ ಹೇಳಬೇಕು. ಹೇಳ್ತಿ?”

“ಬ್ಯಾರೆ ಅಂತ ಹೆಂಗ ಹೇಳ್ಲಿ?”

“ಹೇಳಿದ್ರ ಹೋಗ್ತಾಳ. ಇಲ್ಲಾಂದ್ರ ಇಲ್ಲ.”

ಮನೆಯ ಮೂಲೆಯಲ್ಲಿ ಹಿರಿಯರೆಂದು ಪೂಜಿಸುವ ತೆಂಗಿನಕಾಯಿ ಇತ್ತು. ಸತ್ತವರೆಲ್ಲ ಅಲ್ಲಿರುತ್ತಾರೆ. ಗಂಡ ಗಂಗಾರಾಮ ಬಿದಿರಿನ ಲಾರಿಯಿಂದ ಬಿದ್ದು ಸತ್ತಾಗಿನಿಂದ ಅವನೂ ಅಲ್ಲಿದ್ದ. ರುಕ್ಮಾಳ ಪಾಲಿನ ಎಡೆಯನ್ನು ಅಲ್ಲಿ ಎಂದೂ ಇಟ್ಟಿರಲಿಲ್ಲ. ಯಾಕೆ ಇಡಬೇಕು, ಅವಳು ಮನೆಯಲ್ಲೇ ಉಣ್ಣುತ್ತಿದ್ದಳಲ್ಲ. ಸಕ್ಕುಬಾಯಿ ಕಾಯಿಯ ಮುಂದೆ ಕೂತಳು. ಗಂಡನಿಗೆ ಹೇಳಿದಳು. ಒಂದ ಸುಳ್ಳ ಹೇಳ್ತೇನಿ, ಕಿವಿ ಮುಚ್ಚಿಕೋ. ಕೂಸಿನ ಕಿವೀನೂ ಮುಚ್ಚು.

ಯಾವ ಕೂಸಿನ ಕಿವಿ ಎಂದು ಅವಳಿಗೇ ತಿಳಿಯಲಿಲ್ಲ.

ಕ್ಯಾಂಪಿನ ಆಫೀಸು ದಾಂಡೇಲಿಯ ಅಂಬೇವಾಡಿಯ ಕಡೆ ಒಂದು ಹಂಚಿನ ಕಟ್ಟಡ. ಬಾಗಿಲ ಹತ್ತಿರ ರುಕ್ಮಾ ನಿಂತಿದ್ದಳು. ಕ್ಯಾಂಪಿಗೆ ಬಂದ ಎಂಟು ದಿನದಲ್ಲಿ ಸೊರಗಿದ್ದಳು. ತಾಯಿಯನ್ನು ನೋಡಿ ನಕ್ಕಳು, ಆದರೆ ತೋಳು ಎದೆಗೆ ಕಟ್ಟಿಕೊಂಡೇ ಇದ್ದಳು.

“ಯಾಕ ಹಂಗ ನಿಂತಿ?”

“ಡಾಕ್ಟರ ಬಂದಿದ್ದ ಅವ್ವಾ. ವಯಸ್ಸ ನೋಡ್ತೇನಿ ಅಂದ. ಅರಿವಿ ಬಿಚ್ಚಸಿದ. ಹಲ್ಲ ನೋಡಿದ. ಎಲ್ಲಾ ನೋಡಿದ.” ಅವಳು ಬಾಗಿಲ ಕಡೆ ನೋಡಿದಳು. “ಕಾರಕೂನ ಬಾಗಲದಾಗ ನಿಂತಿದ್ದ. ಇವರ ಮೈ ಆಫ್ರಿಕಾದ್ದು, ಲಗೂನ ಹಣ್ಣಾಗ್ತಾವ ಅಂದ ಡಾಕ್ಟರ. ಕಾರಕೂನ ನಕ್ಕ.”

ಸಕ್ಕುಬಾಯಿ ಸೆರಗಿನಿಂದ ಮಗಳ ಮುಖ ಒರೆಸಿದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಹುಡುಗಿ ಅತ್ತಿರಲಿಲ್ಲ.

ಒಳಗೆ ಬಸಲಿಂಗಯ್ಯ ಚಹಾ ಕುಡಿಯುತ್ತಿದ್ದರು. ಜೇವಿಯರ್‌ಗೆ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ, ಸಕ್ಕುಬಾಯಿ ನಿಂತಿದ್ದಳೆಂದು. ಅವಳು ಮನೆಯಿಂದ ಕಲಿತುಕೊಂಡು ಬಂದ ಮಾತು ಹೇಳಿದಳು. ಇಬ್ಬರು ಹುಟ್ಟಿದ್ದರು. ಮೊದಲನೆಯದು ಯುದ್ಧದಾಗ. ಇದು ಭೂಮಿ ನಡುಗಿದ ಮರುವರ್ಷ.

“ಅವತ್ತ ಒಂದ ಹೇಳಿದಿ, ಇವತ್ತ ಒಂದ ಹೇಳ್ತಿ,” ಎಂದರು ಬಸಲಿಂಗಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. “ಯಾವದ ನಂಬಲಿ?”

“ಇವತ್ತಿಂದ ನಂಬ್ರಿ.”

“ಅವತ್ತ ನಿನಗ ಯಾರೂ ಹೇಳಿಕೊಟ್ಟಿರಲಿಲ್ಲ. ಇವತ್ತ ಮಾಸ್ತರನ ಜೋಡಿ ಬಂದಿ.”

ಜೇವಿಯರ್ ಎಲ್ಲ ಬಿಡಿಸಿ ಹೇಳಿದ. ಸತ್ತ ಕೂಸು, ಮಸಿ, ತಿರುಗಿ ಬರುವುದು, ಒಂದೇ ಹೆಸರು. ಹೇಳುವಾಗ ಅವನು ನೆಲ ನೋಡುತ್ತಿದ್ದ. ಕಾರಕೂನನಿಗೆ ಅದು ಬಹಳ ಹಿಡಿಸಿತು. “ನೋಡೂಣಲ್ರೀ ಸರ್,” ಎಂದ. ರುಕ್ಮಾಳನ್ನು ಒಳಗೆ ಕರೆದರು.

“ಕಾಲ ಎತ್ತ.”

ರುಕ್ಮಾ ತಾಯಿಯನ್ನು ನೋಡಿದಳು. ಒಂದು ಕೈ ಗೋಡೆಗೆ ಊರಿ ಎಡಗಾಲು ಹಿಂದಕ್ಕೆ ಎತ್ತಿದಳು. ಎತ್ತಿಗೆ ಲಾಳ ಹೊಡೆಯುವವನಂತೆ ಕಾರಕೂನ ಬಗ್ಗಿ ಹಿಮ್ಮಡಿ ಹಿಡಿದ. ಕ್ಯಾಂಪಿನ ಏರಿನಲ್ಲಿ ಒಡೆದ ಅಂಗಾಲು. ನಡುವೆ ಆ ಕಪ್ಪು.

“ಐತ್ರೀ ಸರ್. ದೊಡ್ಡ ಮಚ್ಚಿ.”

“ಅಂದ್ರ ಸತ್ತಕೀನ ಇಕಿ ಅಂತ ನೀವ ಹೇಳಿದಂಗಾತು,” ಎಂದರು ಬಸಲಿಂಗಯ್ಯ. “ಗುರ್ತಾನೂ ತೋರಿಸಿದಿರಿ. ಮತ್ತ ಇಪ್ಪತ್ತೊಂದ ಆತಲ್ಲ.”

ಕಾರಕೂನ ನಕ್ಕ. ಕಾಲನ್ನು ಇನ್ನೂ ಬಿಟ್ಟಿರಲಿಲ್ಲ.

ಸಕ್ಕುಬಾಯಿ ಆ ಕೈ ನೋಡಿದಳು. ಮಗಳು ಒಂಟಿ ಕಾಲಿನಲ್ಲಿ ನಿಂತು ನಡುಗುತ್ತಿದ್ದಳು. ಮೊಣಕಾಲಿನ ಮೇಲಿನ ಮಾಂಸಖಂಡ ಹೊರಳುತ್ತಿತ್ತು. ಬೇಗ ಮುಗಿಯಬೇಕಿತ್ತು.

“ಅದು ಬರೇ ಮಚ್ಚಿ ರೀ,” ಎಂದಳು. “ಇಕಿ ಅಕಿ ಅಲ್ಲ. ಅಕಿ ಸತ್ತಳು. ನಾನ ಮಣ್ಣಿಗೆ ಇಟ್ಟ ಬಂದೇನಿ. ಸತ್ತಾಕಿ ತಿರುಗಿ ಬರಲಿಲ್ಲ. ಯಾರೂ ಬರೂದಿಲ್ಲ.”

ಹೇಳುವಾಗ ಅವಳು ಬಸಲಿಂಗಯ್ಯನವರನ್ನು ನೋಡುತ್ತಿದ್ದಳು. ಮಗಳನ್ನು ನೋಡಲಿಲ್ಲ. ಆದರೆ ಗೋಡೆಗೆ ಊರಿದ್ದ ಕೈ ಕೆಳಗೆ ಜಾರಿದ್ದು ಕಣ್ಣಂಚಿಗೆ ಕಂಡಿತು. ರುಕ್ಮಾ ಕಾಲು ಬಿಡಿಸಿಕೊಂಡು ಎರಡೂ ಪಾದ ನೆಲಕ್ಕಿಟ್ಟು ನಿಂತಳು.

ಬಸಲಿಂಗಯ್ಯ ಚಹಾದ ಬಸಿ ಸರಿಸಿದರು.

“ಪಾಪ,” ಎಂದರು. “ಆದ್ರ ಹೆಸರು ಹೋಗೇತಿ ಮಾಸ್ತರ. ನಾ ಗದ್ದಿಗೆ ಹೋಗಿ ಬಂದ ದಿನಾನ ಸಂಜೀಕ ತಾರ ಹೊಡದೆ. ಎರಡನೇದವಳು ಹೋಗ್ತಾಳ. ಮ್ಯಾಲಿನವರು ಒಪ್ಪ್ಯಾರ.”

ಎರಡನೆಯವಳು ಯಾರೆಂದು ಜೇವಿಯರ್‌ಗೆ ಗೊತ್ತಿತ್ತು. ಕ್ಯಾಂಪಿಗೆ ಹಾಲು ಮೊಟ್ಟೆ ಒದಗಿಸುವ ಕಂತ್ರಾಟುದಾರನ ಮಗಳು. ಹುಡುಗಿಯದು ತಪ್ಪಿಲ್ಲ. ಅವಳು ತನ್ನಷ್ಟಕ್ಕೆ ಓಡುವವಳು.

“ಮತ್ತ ಇಷ್ಟೆಲ್ಲಾ ಯಾಕ ಕೇಳಿದ್ರಿ?” ಎಂದ ಜೇವಿಯರ್.

“ನಾ ಕರಸಿರಲಿಲ್ಲ. ನೀವ ಬಂದ್ರಿ. ಬಂದವರ ಮಾತ ಕೇಳಬಾರದೇನು?”

ಆಮೇಲೆ ಅವರು ರುಕ್ಮಾಳ ಕಡೆ ತಿರುಗಿದರು. ತಂದೆಯಂತೆ ಮಾತಾಡಿದರು. ಕ್ಯಾಂಪು ಬಿಡಬೇಕಿಲ್ಲ. ತಂಡ ಹೊರಡುವ ತನಕ ಇರಬಹುದು. ದಿನಾಲೂ ಮೊಟ್ಟೆ, ಹಾಲು, ಎರಡು ಹೊತ್ತು ಊಟ. ಆ ಹುಡುಗಿಯ ಮುಂದೆ ಓಡಬೇಕು. ನಿನ್ನ ಬೆನ್ನು ಹತ್ತಿ ಓಡಿದರೆ ಅವಳಿಗೆ ವೇಗ ಬರುತ್ತದೆ. ಬೀಳ್ಕೊಡುವ ದಿನ ನಿಮ್ಮ ಕೇರಿಯವರು ಡಮಾಮಿ ತಗೊಂಡು ಬರಲಿ. ಬಾರಿಸಲಿ, ಕುಣಿಯಲಿ. ಅತಿಥಿಗಳಿಗೆ ಚೆನ್ನಾಗಿರುತ್ತದೆ.

ಸಕ್ಕುಬಾಯಿಗೆ ಮೊಟ್ಟೆ ಕೇಳಿಸಿತು. ಹಾಲು ಕೇಳಿಸಿತು. ಮಳೆಗಾಲದ ಹಸಿವು ಬರುವ ಕಾಲ. ಮಗಳ ಕೊರಳಿನ ಎಲುಬು ಕಾಣುತ್ತಿತ್ತು. ಅವಳ ತಲೆ ತಾನಾಗಿ ಹೂಂ ಎಂದು ಅಲುಗಿತು.

“ನಾ ಓಡಂಗಿಲ್ಲ,” ಎಂದಳು ರುಕ್ಮಾ.

“ತಾಯಿ ಹೂಂ ಅಂದಾಳ.”

“ಅಕಿ ಅಂದಾಳ. ನಾ ಅಂದಿಲ್ಲ.”

“ವಿಚಾರ ಮಾಡ. ಹಾಲು ಮೊಟ್ಟೆ ಎಲ್ಲಿ ಸಿಗತಾವು ನಿನಗ?”

“ಎಲ್ಲೀ ಸಿಗಂಗಿಲ್ಲ.”

“ಮತ್ತ?”

“ಅಕಿನ್ನ ನೀವ ಓಡಸ್ರಿ. ನಿಮಗೂ ಕಾಲ ಅದಾವಲ್ಲ.”

ಕಾರಕೂನ ಮೇಲೆದ್ದ. ಬಸಲಿಂಗಯ್ಯ ಕೈಯೆತ್ತಿ ತಡೆದರು. ಅವರ ಮುಖದ ನಗು ಹೋಗಿತ್ತು. “ಅದಕ್ಕ ನಿಮ್ಮನ್ನ ಯಾರೂ ಒಳಗ ಬಿಟ್ಟುಕೊಳ್ಳಂಗಿಲ್ಲ,” ಎಂದರು. ರುಕ್ಮಾ ಆಗಲೇ ಹೊರಗೆ ಹೋಗಿದ್ದಳು.

ಹಳಿಯಾಳದ ಬಸ್ಸಿನಲ್ಲಿ ಮೂವರೂ ನಿಂತೇ ಬಂದರು. ಜೇವಿಯರ್ ಬೆಂಗಳೂರಿಗೆ ಬರೆಯುತ್ತೇನೆ, ದಿಲ್ಲಿಗೆ ಬರೆಯುತ್ತೇನೆ ಎಂದ. ಬರೆದೂ ಬರೆದ. ಉತ್ತರ ಬರಲಿಲ್ಲ. ತಂಡ ವಿಮಾನ ಹತ್ತಿತು. ಪಂದ್ಯ ಮುಗಿಯಿತು. ಯಾರು ಗೆದ್ದರೆಂದು ಕೇರಿಯಲ್ಲಿ ಯಾರೂ ವಿಚಾರಿಸಲಿಲ್ಲ.

ಸಕ್ಕುಬಾಯಿಯ ಮನೆಯಲ್ಲಿ ಬೇರೆ ಒಂದು ನಡೆದಿತ್ತು. ಮಗಳ ಹೆಸರು ಅವಳ ಬಾಯಿಗೆ ಬರುತ್ತಿರಲಿಲ್ಲ. ಆ ಹೆಸರಿನವಳು ಸತ್ತಳೆಂದು ನಾಲ್ಕು ಜನರ ಮುಂದೆ ಹೇಳಿ ಬಂದಿದ್ದಳು. ಹಾಗಾದರೆ ಈ ಮನೆಯಲ್ಲಿ ಬಿಸಿಲಿಗೆ ಕೂದಲು ಒಣಗಿಸುತ್ತ ಕೂತವಳು ಯಾರು? ಏ ಹುಡುಗಿ, ಎಂದು ಕೂಗುವಳು. ಇಲ್ಲಿ ಬಾ, ಎನ್ನುವಳು. ಒಂದು ದಿನ ಹಿರಿಯರಿಗೆ ಎಡೆ ಇಡುವಾಗ ಕೈ ತಾನಾಗಿ ಇನ್ನೊಂದು ತುತ್ತು ತೆಗೆದಿಟ್ಟಿತು, ಸಣ್ಣದು, ಕೂಸಿನ ಪಾಲಿನಷ್ಟು. ರುಕ್ಮಾ ಒಲೆಯ ಹತ್ತಿರದಿಂದ ಅದನ್ನು ನೋಡಿದಳು.

“ಅದು ಯಾರದು?”

ಸಕ್ಕುಬಾಯಿ ತುತ್ತನ್ನು ಮುಚ್ಚಿಟ್ಟಳು.

“ನಾ ಅಕಿ ಅಲ್ಲಾ ಅವ್ವಾ?”

“ಅವರ ಮುಂದ ಹೇಳಿದ್ದು ಅದು.”

“ಸಣ್ಣಾಕಿದ್ದಾಗಿಂದ ಹೇಳಿದಿ. ಜ್ವರ ಬಂದ ಹೋಗಿದ್ದಿ, ನನ್ನ ಬಿಟ್ಟಿರಾಕ ಆಗದ ತಿರುಗಿ ಬಂದಿ ಅಂತ. ಹೊಡದಾಗೂ ಅದನ್ನ ಹೇಳಿ ರಮಿಸಿದಿ.” ಹುಡುಗಿ ಬೂದಿಯಲ್ಲಿ ಕಡ್ಡಿಯಿಂದ ಗೀರುತ್ತಿದ್ದಳು. “ಓಡೂವಾಗ ಎದಿ ಬಿರಿದಂಗ ಆಗತಿತ್ತು. ಆಗ ಅನಕೋತಿದ್ದೆ, ಅಷ್ಟ ದೂರದಿಂದ ಬಂದಾಕಿ ನಾನು, ಇದೇನು ದೊಡ್ಡದು ಅಂತ.”

ಮಗಳು ಎದ್ದು ಕೊಡ ತಗೊಂಡು ನೀರಿಗೆ ಹೋದಳು.

ಮಳೆ ತೆರಪು ಕೊಟ್ಟಾಗ ಮತ್ತೆ ಕಟ್ಟಿಗೆಗೆ ಹೊರಟರು. ಮಳೆಗಾಲದ ಕಟ್ಟಿಗೆ ಕಲ್ಲಿನಷ್ಟು ಭಾರ. ಬಳ್ಳಿಯಿಂದ ಬಿಗಿದು ಒಬ್ಬರ ತಲೆಗೆ ಇನ್ನೊಬ್ಬರು ಎತ್ತಿ ಇಡಬೇಕು. ಇಟ್ಟ ಮೇಲೆ ಕತ್ತು ಹೊರಳುವುದಿಲ್ಲ, ನೆಲ ಮಾತ್ರ ಕಾಣುತ್ತದೆ. ಕೇರಿಯ ಐದಾರು ಹೆಂಗಸರು ಸಾಲಾಗಿ ಇಳಿಯುತ್ತಿದ್ದರು. ಕಾಲುದಾರಿ ರಸ್ತೆಗೆ ಸೇರುವ ತಿರುವಿನಲ್ಲಿ ಗಾರ್ಡ್ ಅಡಿವೆಯ್ಯನ ಸೀಟಿ ಕೇಳಿಸಿತು.

ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೊರೆಗಳು ಧಡಧಡ ಬಿದ್ದವು. ಹೆಂಗಸರು ಮುಳ್ಳಿನೊಳಗೆ ನುಗ್ಗಿದರು. ಸಕ್ಕುಬಾಯಿಯೂ ನುಗ್ಗಿ, ಒಂದು ಹಳ್ಳದ ದಡ ಜಾರಿ, ಪೊದೆಯ ಹಿಂದೆ ಕೂತು ತಿರುಗಿ ನೋಡಿದಳು.

ಮಗಳು ದಾರಿಯಲ್ಲೇ ನಿಂತಿದ್ದಳು. ತಲೆಯ ಮೇಲೆ ಹೊರೆ ಹಾಗೇ ಇತ್ತು.

ಆ ಕಾಡಿನಲ್ಲಿ ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಅಡಿವೆಯ್ಯನಿಗೆ ಕೀಲು ನೋವು, ಬೂಟು ಬೇರೆ. ಅವಳು ಹೊರೆ ಚೆಲ್ಲಿ ಒಮ್ಮೆ ಹೆಜ್ಜೆ ಕಿತ್ತರೆ ಅವನು ಸೀಟಿ ಊದುವಷ್ಟರಲ್ಲಿ ಗುಡ್ಡದ ಆಚೆ ಇರುತ್ತಿದ್ದಳು. ಓಡ ಎಂದು ಕೂಗಬೇಕೆಂದುಕೊಂಡಳು ಸಕ್ಕುಬಾಯಿ. ಹೆಸರು ಹಿಡಿಯದೆ ಹೇಗೆ ಕೂಗುವುದು?

ಅಡಿವೆಯ್ಯ ಏದುಸಿರು ಬಿಡುತ್ತ ಬಂದ. ಅವನಿಗೇ ಆಶ್ಚರ್ಯವಾಗಿತ್ತು. ಇಷ್ಟು ವರ್ಷದಲ್ಲಿ ಅವನ ಕೈಗೆ ಸಿಕ್ಕಿದ್ದು ಬಿದ್ದ ಹೊರೆಗಳು, ಮುದುಕಿಯರು.

“ಯಾಕಲೇ, ಓಡಲಿಲ್ಲ?”

ಅವಳು ತಲೆಯ ಮೇಲಿನ ಹೊರೆಯನ್ನು ಸರಿಯಾಗಿ ಕೂಡಿಸಿಕೊಂಡಳು.

“ಅಕಿ ಅಲ್ಲೇನ ನೀನು, ದಾಂಡೇಲಿಯಾಗ ಓಡತಿದ್ದಾಕಿ? ಕಾಲಿಗೆ ಏನಾತು?”

“ಏನೂ ಆಗಿಲ್ಲ.”

“ಕೇಸ ಹಾಕಬೇಕಾಗತೈತಿ. ಆಫೀಸಿಗೆ ನಡೀಬೇಕು.”

“ನಡೀರಿ.”

ಸಕ್ಕುಬಾಯಿ ಪೊದೆಯಿಂದ ಎದ್ದಳು. ಸೀರೆ ಮುಳ್ಳಿಗೆ ಸಿಕ್ಕು ಹರಿಯಿತು. ದಡ ಹತ್ತಿ ಬಂದು ಮಗಳ ಪಕ್ಕ ನಿಂತಳು. ಅಡಿವೆಯ್ಯ ಅವಳನ್ನೂ ನೋಡಿದ, ಇವತ್ತು ಇವರಿಗೆ ಏನಾಗಿದೆ ಎಂಬಂತೆ. ಕಿಸೆಯಿಂದ ಪೆನ್ಸಿಲ್ ತೆಗೆದ.

“ಹೆಸರ ಹೇಳ.”

ಹೊರೆಯ ಭಾರದಲ್ಲಿ ಕತ್ತು ಹೊರಳಿಸಲು ಆಗದೆ ರುಕ್ಮಾ ಕಣ್ಣು ಮಾತ್ರ ತಾಯಿಯ ಕಡೆ ತಿರುಗಿಸಿದಳು. ಆ ಕಣ್ಣಲ್ಲಿ ಹಟ ಇರಲಿಲ್ಲ. ಮಣ್ಣಿಗಿಟ್ಟು ಬಂದೆ ಎಂದವಳೇ ಹೇಳಲಿ ಎಂದು ಕಾಯುವ ಕಣ್ಣು.

“ಏನ ಬೇ, ಹೆಸರಿಲ್ಲೇನ ಇಕಿಗೆ?”

“ನನ್ನ ಮಗಳ್ರೀ,” ಎಂದಳು ಸಕ್ಕುಬಾಯಿ. ಮುಂದಿನದು ಬರಲಿಲ್ಲ. ತುಟಿ ಅಲುಗಿತು, ಗಾಳಿ ಬಂತು, ಅಕ್ಷರ ಬರಲಿಲ್ಲ.

ರುಕ್ಮಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಣ್ಣು ನೆಲಕ್ಕೆ ಇಳಿಸಿ ತಾನೇ ಹೇಳಿದಳು.

“ರುಕ್ಮಾ ಗಂಗಾರಾಮ ಸಿದ್ದಿ.”

“ವಯಸ್ಸು?”

“ನಿಮಗ ಬೇಕಾದಷ್ಟ ಬರಕೋರಿ.”

ಅಡಿವೆಯ್ಯ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ಏನೋ ಒಂದು ಬರೆದುಕೊಂಡ. ಮುಂದೆ ನಡೆದ. ಸಕ್ಕುಬಾಯಿ ಬಿದ್ದಿದ್ದ ತನ್ನ ಹೊರೆಯ ಹತ್ತಿರ ಹೋದಳು. ಎತ್ತಿಕೊಡುವವರು ಬೇಕಿತ್ತು. ಮಗಳು ಬಂದಳು. ತಲೆಯ ಮೇಲಿನ ಹೊರೆಯನ್ನು ಒಂದು ಕೈಯಲ್ಲಿ ಹಿಡಿದು, ಮೊಣಕಾಲು ಬಾಗಿಸಿ, ಇನ್ನೊಂದು ಕೈಯಿಂದ ತಾಯಿಯ ಹೊರೆಗೆ ಆಸರೆ ಕೊಟ್ಟಳು. ಹೊರೆ ಏರಿತು.

ಹಳಿಯಾಳ ದೂರವಿತ್ತು. ಮತ್ತೆ ಮಳೆ ಬರುವ ಮೋಡ ಕವಿದಿತ್ತು. ಅಡಿವೆಯ್ಯ ನಿಂತು ನಿಂತು ಹಿಂದೆ ನೋಡುತ್ತಿದ್ದ.

“ಲಗೂ ಲಗೂ ಬರ್ರಿ ಬೇ. ಓಡೂ ಕಾಲ ಅಲ್ಲೇನ ಅವು?”

ರುಕ್ಮಾ ಲಗೂ ಬರಲಿಲ್ಲ. ಒಂದು ಪಾದ ಪೂರ್ತಿ ಊರಿ, ಆಮೇಲೆ ಇನ್ನೊಂದನ್ನು ಎತ್ತುತ್ತಿದ್ದಳು. ಸಕ್ಕುಬಾಯಿ ಅವಳ ಹಿಂದೆ, ಅಷ್ಟೇ ನಿಧಾನ.